ರೇಂಜ್‌ಫೈಂಡರ್‌ಗೆ ಕನ್ನಡದಾಗ ಏನಂತೀರಿ? ಅರ್ಜೆಂಟ್ ಐತ್ರಿ

ಎಲ್ಲಾರಿಗೂ ನಮಸ್ಕಾರ. ಧಾರವಾಡದಾಗ ಫಿಲ್ಮ್ ಫೋಟೋಗ್ರಫಿ ಕಲಿಯೂ ಹುಡುಗ್ರಿಗೆ ಒಂದು ಸಣ್ಣ ಕೈಪಿಡಿ ಮಾಡಾಕತ್ತೇವಿ, ಯಾವ ಮೀಡಿಯಂ ಫಾರ್ಮ್ಯಾಟ್ (35 ಎಂಎಂಗಿಂತ ಅಗಲ ಫಿಲ್ಮ್ ಹಾಕೂ) ರೇಂಜ್‌ಫೈಂಡರ್ ಕ್ಯಾಮೆರಾ (ದೂರ ಅಳದು ಫೋಕಸ್ ಮಾಡೂದು) ತಗೋಬೇಕು ಅನ್ನೂದರ ಮ್ಯಾಲೆ, ಗದಗಿನ ಪ್ರೆಸ್ಸಿನವ್ರು ನಾಳೆ ಮುಂಜಾನೆನ ಮ್ಯಾಟರ್ ಕೇಳ್ಯಾರ. ಅನುವಾದದ ಆ್ಯಪ್ 'ವ್ಯಾಪ್ತಿಶೋಧಕ' ಅಂತ ಕೊಡ್ತೈತಿ, ನನಗಂತೂ ಮನಸ್ಸಿಗೆ ಬರವಲ್ದು. ವಾಕ್ಯ ಇದು: "ಬ್ಯಾಟರಿ ಗೊಡವಿನ ಬ್ಯಾಡ ಅನ್ನೋರಿಗೆ ಫ್ಯೂಜಿ ಜಿಡಬ್ಲ್ಯೂ 690, ಲೆನ್ಸ್ ಬದಲಿಸಬೇಕು, ಬೆಳಕು ಅಳಿಯೂ ಮೀಟರ್ ಒಳಗ ಇರಬೇಕು ಅನ್ನೋರಿಗೆ ಮಾಮಿಯಾ 7. ಎರಡೂ ____ ಕ್ಯಾಮೆರಾ."

ಹುಬ್ಬಳ್ಳಿಯಿಂದ:
'ವ್ಯಾಪ್ತಿ' ಶುದ್ಧ ತಪ್ಪು. ಇಲ್ಲಿ ರೇಂಜ್ ಅಂದ್ರ ದೂರ. ತೋಪು ಹಾರಿಸೋರು ಗುರಿ ಎಷ್ಟು ದೂರ ಅದ ಅಂತ ನೋಡ್ಲಿಕ್ಕೆ ಬಳಸ್ತಿದ್ದ ಸಾಧನಕ್ಕೂ ಇದ ಹೆಸರು. ಫ್ರೆಂಚಿನಾಗ ಟೆಲಿಮೆತ್ರ್, ಗ್ರೀಕ್ ಮೂಲದ ಟೆಲಿ ಅಂದ್ರ ದೂರ, ಮೆತ್ರ್ ಅಂದ್ರ ಅಳತಿ. 'ದೂರಮಾಪಕ' ಅಂತ ಬರದು ಮುಗಸ್ರಿ.

ಗದಗದಿಂದ:
ದೂರನೂ ಸಂಸ್ಕೃತ, ಮಾಪಕನೂ ಸಂಸ್ಕೃತ. 'ಅಳೆ' ಅನ್ನೂ ನಮ್ಮ ಧಾತು ಏನ್ ಸತ್ತೈತೇನ್ರೀ? ಎಡೆ ಅಂದ್ರ ನಡುವಿನ ಜಾಗ, ಅದನ್ನ ಅಳಿಯೂದು 'ಎಡೆಯಳಕ'. ಬ್ಯಾರೆ ಚರ್ಚೆ ಬೇಕಾಗಿಲ್ಲ.

ಹಾವೇರಿಯಿಂದ:
ಬೇಕಾಗೇತ್ರೀ. ನಮ್ಮ ಕಡೆ ಎಡಿ ಅಂದ್ರ ದೇವ್ರಿಗೆ ಹಿಡಿಯೂ ನೈವೇದ್ಯ, 'ಎಡೆಯಳಕ' ಓದಿದ ಹುಡುಗ ಕ್ಯಾಮೆರಾ ಅಂತ ಹೆಂಗ ತಿಳ್ಕೋಬೇಕು? ಕಿಂಡ್ಯಾಗ ಕಣ್ಣಿಟ್ಟು ನೋಡ್ರಿ, ನಡುವ ಒಂದು ಸಣ್ಣ ಹಳದಿ ಚೌಕದಾಗ ಅದ ಮನಿಷಾನ ಮುಖ ಎರಡೆರಡಾಗಿ ಕಾಣ್ತೈತಿ, ಲೆನ್ಸಿನ ರಿಂಗ್ ತಿರುವಿದಂಗ ಎರಡೂ ಸರಕೋತ ಬಂದು ಒಂದಾಗ್ತಾವು, ಒಂದಾತು ಅಂದ್ರ ಫೋಕಸ್ ಆತು. ಸೆಕೆಂಡ್ ಹ್ಯಾಂಡ್ ತಗೊಳ್ಳೂ ಮುಂದ ಮೊದಲ ಪರೀಕ್ಷಾ ಮಾಡೂದ ಇದನ್ನ, ದೂರದ ಕಂಬ ನೋಡಿದಾಗನೂ ಬಿಂಬ ಕೂಡಲಿಲ್ಲ ಅಂದ್ರ ರಿಪೇರಿ ಖರ್ಚು ಹಿಡದು ರೇಟ್ ಮಾತಾಡ್ಬೇಕು. ರೇಂಜ್‌ಫೈಂಡರ್ ಅಂತನ ಬರದು, ಪಕ್ಕದಾಗ ಈ ಕೆಲಸ ಒಂದ್ ಸಾಲಿನಾಗ ಹೇಳ್ರಿ.

ಗದಗದಿಂದ:
ಹಿಂಗ ಎಲ್ಲಾ ಎರವಲು ತಂದು ತಂದು ಕನ್ನಡದಾಗ ಕ್ರಿಯಾಪದ ಅಷ್ಟ ಉಳಿತಾವು.

ಹಾವೇರಿಯಿಂದ:
ಬಟಾಟಿ ಪೋರ್ಚುಗೀಸರಿಂದ ಬಂತು, ಖುರ್ಚಿ ಅರಬ್ಬಿಯಿಂದ ಬಂತು, ಅದರಿಂದ ನಮ್ಮ ಭಾಷೆಗೆ ಏನ್ ಕಡಿಮಿ ಆತು? ಕ್ಯಾಮೆರಾ ಅನ್ನೂದನ್ನ ಹಂಗ ಇಟಗೊಂಡು ರೇಂಜ್‌ಫೈಂಡರ್‌ಗೆ ಮಾತ್ರ ಬಾಗಲಾ ಹಾಕೂದು ನ್ಯಾಯ ಅಲ್ಲ.

ಹುಬ್ಬಳ್ಳಿಯಿಂದ:
ಬಟಾಟಿ ಜನರ ಬಾಯಾಗ ಸವದು ಬಂದದ, ಇದು ಇನ್ನೂ ಬಂದಿಲ್ಲ. ಎರಡೂ ಒಂದ ಅಲ್ಲ.

ಧಾರವಾಡದಿಂದ:
ತಲೆಬರಹದಾಗ 'ರೇಂಜ್‌ಫೈಂಡರ್', ಒಳಗ ಮೊದಲನೇ ಸಲ ಬಂದಲ್ಲಿ 'ಎರಡು ಬಿಂಬ ಕೂಡಿಸಿ ಫೋಕಸ್ ಮಾಡೂ ಕ್ಯಾಮೆರಾ' ಅಂತ ಹಾಕ್ತೇನ್ರಿ. ದೂರಮಾಪಕ ಅನ್ನೂದನ್ನ ಕ್ಯಾಮೆರಾದೊಳಗ ದೂರ ಅಳಿಯೂ ಬಿಡಿಭಾಗಕ್ಕ ಇಟಗೋತೇನಿ. ಮೀಡಿಯಂ ಫಾರ್ಮ್ಯಾಟ್‌ಗೆ 'ಮಧ್ಯಮ ಮಾದರಿ' ನಡಿತೈತೇನು?

ಹಾವೇರಿಯಿಂದ:
ಬ್ಯಾಡ್ರಿ, ಮಾದರಿ ಅಂದ್ರ ಮಾಡೆಲ್ ಆಗ್ತೈತಿ. '120 ರೋಲಿನ ಕ್ಯಾಮೆರಾ' ಅನ್ರಿ, 120 ಅಂದ್ರ ಆ ಅಗಲ ಫಿಲ್ಮಿನ ಹೆಸರು, ಅಂಗಡ್ಯಾಗೂ ಹಂಗ ಕೇಳ್ಬೇಕು. ಮತ್ತ ಆ ವಾಕ್ಯದಾಗ ಇದನ್ನೂ ಸೇರಸ್ರಿ: ಒಂದು ರೋಲಿಗೆ ಫ್ಯೂಜಿಯೊಳಗ 8 ಫೋಟೋ, ಮಾಮಿಯಾದಾಗ 10. ಹುಡುಗ್ರಿಗೆ ರೋಲಿನ ರೇಟ ದೊಡ್ಡ ಹೊರಿ.