ಬೇಬಿ ಕಮಲಾ ದೊಡ್ಡವಳಾದ ಮೇಲೆ ಏನಾದಳು?

ಕಪ್ಪುಬಿಳುಪು_ಪ್ರಿಯ:
ಯೂಟ್ಯೂಬಲ್ಲಿ ಹಳೆ ತಮಿಳು ಸಿನಿಮಾ ‘ನಾಮ್ ಇರುವರ್’ (1947) ನೋಡಿದೆ. ಅದರಲ್ಲಿ ತಮಿಳು ಕವಿ ಭಾರತಿಯಾರ್ ಹಾಡಿಗೆ ಒಬ್ಬಳು ಹುಡುಗಿ ಕುಣಿಯುತ್ತಾಳೆ, ಹನ್ನೆರಡು ಹದಿಮೂರು ವಯಸ್ಸಿರಬಹುದು, ಆದರೆ ಕಾಲು ಇಡುವ ಗತ್ತು ನೋಡಿದರೆ ಇಪ್ಪತ್ತು ವರ್ಷ ಅಭ್ಯಾಸ ಮಾಡಿದವಳ ಹಾಗೆ. ಹೆಸರು ಕುಮಾರಿ ಕಮಲಾ, ಬೇಬಿ ಕಮಲಾ ಅಂತಲೂ ಕರೆಯುತ್ತಿದ್ದರು ಅಂತ ಗೊತ್ತಾಯಿತು. ಬಾಲನಟಿಯರು ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಮಾಯ ಆಗಿಬಿಡುತ್ತಾರೆ ಅಲ್ವಾ? ಈಕೆ ಸಿನಿಮಾ ಬಿಟ್ಟು ಭರತನಾಟ್ಯಕ್ಕೆ ಹೋದದ್ದು ಯಾವಾಗ, ಯಾಕೆ? ಇನ್ನೊಂದು, ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಹೆಂಡತಿ ಕಮಲಾ, ಮಕ್ಕಳ ಪುಸ್ತಕ ಬರೆದವರು, ಅವರೇ ಇವರಾ?

ರೀಲುಡಬ್ಬ:
ಕೊನೆಯದಕ್ಕೆ ಮೊದಲು ಹೇಳುತ್ತೇನೆ. ಇಬ್ಬರು ಕಮಲಾ ಇದ್ದಾರೆ. ಡ್ಯಾನ್ಸರ್ ಕಮಲಾ ಲಕ್ಷ್ಮಣರ ಮೊದಲ ಹೆಂಡತಿ, 1960ರಲ್ಲಿ ಬೇರೆಯಾದರು. ಆಮೇಲೆ ಲಕ್ಷ್ಮಣ್ ಮದುವೆಯಾದವರ ಹೆಸರೂ ಕಮಲಾ, ಪುಸ್ತಕ ಬರೆದವರು ಅವರು. ಇದನ್ನು ಕಲಸುಮೇಲೋಗರ ಮಾಡಿ ಬರೆದ ಲೇಖನಗಳು ಬೇಕಾದಷ್ಟಿವೆ.

ಇನ್ನು ‘ಸಿನಿಮಾ ಬಿಟ್ಟು ಡ್ಯಾನ್ಸಿಗೆ ಹೋದಳು’ ಅನ್ನುವ ಲೆಕ್ಕವೇ ಉಲ್ಟಾ. ಆಕೆ ಸಿನಿಮಾಗೆ ಬಂದದ್ದೇ ಡ್ಯಾನ್ಸಿನಿಂದ. ಹುಟ್ಟಿದ್ದು 1934ರಲ್ಲಿ, ತಮಿಳುನಾಡಿನ ಮಾಯವರಂ ಕಡೆಯ ಬ್ರಾಹ್ಮಣರ ಮನೆಯಲ್ಲಿ. ಮುಂಬೈಯಲ್ಲಿ ಲಚ್ಚು ಮಹಾರಾಜ್ ಹತ್ತಿರ ಕಥಕ್ ಕಲಿತಳು. ಮಗು ಕುಣಿಯುವುದನ್ನು ನೋಡಿದ ಒಬ್ಬ ತಮಿಳು ನಿರ್ದೇಶಕರು ಸಣ್ಣ ಪಾತ್ರ ಕೊಟ್ಟರು. 1938, 39ರ ಸಿನಿಮಾಗಳು ಅವು, ಅಂದರೆ ಆಕೆಗೆ ನಾಲ್ಕೈದು ವರ್ಷ! ಆಮೇಲೆ 1943ರಲ್ಲಿ ಹಿಂದಿಯ ‘ಕಿಸ್ಮತ್’, ‘ರಾಮ್ ರಾಜ್ಯ’. ಅಲ್ಲಿಂದ ತಾಯಿ ಮಗಳನ್ನು ಮದ್ರಾಸಿಗೆ ಕರೆದುಕೊಂಡು ಬಂದರು, ಭರತನಾಟ್ಯ ಸರಿಯಾಗಿ ಕಲಿಯಲಿ ಅಂತ. ಹಿಂದಿ ಸಿನಿಮಾದಲ್ಲಿ ಅವಕಾಶ ಸಿಗುತ್ತಿರುವ ಹೊತ್ತಲ್ಲಿ ಮಗಳನ್ನು ಗುರುಗಳ ಮುಂದೆ ಕೂರಿಸಿದ್ದು ಸಣ್ಣ ನಿರ್ಧಾರ ಅಲ್ಲ. ನನ್ನ ಪ್ರಕಾರ ಈ ಕಥೆಯಲ್ಲಿ ಅರ್ಧ ಕ್ರೆಡಿಟ್ ಆ ತಾಯಿಗೆ ಹೋಗಬೇಕು.

ತಕಧಿಮಿ:
ಗುರುಗಳ ಹೆಸರು ಹೇಳದೆ ಬಿಟ್ಟಿರಲ್ಲ ಸಾರ್! ಮೊದಲು ಕಾಟ್ಟುಮನ್ನಾರ್‌ಕೋಯಿಲ್ ಮುತ್ತುಕುಮಾರ ಪಿಳ್ಳೈ, ಆಮೇಲೆ ವಳುವೂರ್ ರಾಮಯ್ಯ ಪಿಳ್ಳೈ. ವಳುವೂರ್ ಶೈಲಿಗೆ ದೊಡ್ಡ ಹೆಸರು ಬಂದದ್ದು ಹೆಚ್ಚಾಗಿ ಈ ಹುಡುಗಿಯಿಂದಲೇ. ಅರಮಂಡಿ (ಮೊಣಕಾಲು ಬಗ್ಗಿಸಿ ಅರ್ಧ ಕೂತ ನಿಲುವು) ಗಟ್ಟಿ, ಆದರೆ ಮೈ ಬಿಗಿ ಇಲ್ಲ. ಅಡವುಗಳ, ಅಂದರೆ ಮೂಲ ಹೆಜ್ಜೆಗಳ, ನಡುವೆ ಚಕ್ ಅಂತ ಒಂದು ನೆಗೆತ, ತಕ್ಷಣ ಶಿಲ್ಪದ ಹಾಗೆ ನಿಂತುಬಿಡುವುದು, ಮತ್ತೆ ಏನೂ ಆಗದವರ ಹಾಗೆ ಮುಂದಿನ ಜತಿ (ತಾಳಕ್ಕೆ ಕಟ್ಟಿದ ಹೆಜ್ಜೆಗಳ ಸಾಲು). ನಮ್ಮ ಮೈಸೂರು ಕಡೆ ಜಟ್ಟಿ ತಾಯಮ್ಮ, ವೆಂಕಟಲಕ್ಷಮ್ಮ ಅವರದ್ದು ಕೂತು ಪದ ಹಾಡಿ ಬರೀ ಮುಖ, ಕೈಯಲ್ಲಿ ಅಭಿನಯ ಮಾಡಿ ತೋರಿಸುವ ಹಾದಿ. ಅದನ್ನು ನೋಡಿ ಬೆಳೆದವರಿಗೆ ಇದು ಬೇರೆಯದೇ ಲೋಕ.

ರಾಮಯ್ಯ ಪಿಳ್ಳೈ ಸಿನಿಮಾಗೂ ನೃತ್ಯ ಜೋಡಿಸುತ್ತಿದ್ದರು. ಹಾಗಾಗಿ ಕಮಲಾಗೆ ಕಛೇರಿ ಬೇರೆ, ಶೂಟಿಂಗ್ ಬೇರೆ ಅನ್ನುವುದು ಅಷ್ಟಾಗಿ ಇರಲಿಲ್ಲ. 1944ರ ‘ಜಗತಲಪ್ರತಾಪನ್’ ಹಾವಿನ ಡ್ಯಾನ್ಸ್ ಹುಡುಕಿ ನೋಡಿ, ಜನ ಹುಚ್ಚೆದ್ದದ್ದು ಅದಕ್ಕೆ. ನಮ್ಮ ಕ್ಲಾಸಲ್ಲಿ ಈಗಲೂ ಮಕ್ಕಳು ಹಾವಿನ ಡ್ಯಾನ್ಸ್ ಅಂದರೆ ಸಾಕು, ಭರತನಾಟ್ಯದ ಉದ್ದನೆಯ ಮುಖ್ಯ ಐಟಂ ಆದ ವರ್ಣವನ್ನೇ ಬಿಟ್ಟು ಓಡಿ ಬರುತ್ತಾರೆ.

ಒಗ್ಗರಣೆಮಾತು:
ಎಲ್ಲ ಸರಿ, ಆದರೆ ‘ಸಿನಿಮಾ ಭರತನಾಟ್ಯವನ್ನು ಉಳಿಸಿತು’ ಅಂತ ಹೇಳಿಬಿಡಬೇಡಿ. ‘ನಾಮ್ ಇರುವರ್’ ಬಂದದ್ದೂ 1947, ಮದ್ರಾಸಿನಲ್ಲಿ ದೇವದಾಸಿ ಪದ್ಧತಿ ನಿಷೇಧಿಸುವ ಕಾಯ್ದೆ ಬಂದದ್ದೂ 1947. ತಲೆತಲಾಂತರದಿಂದ ಕುಣಿಯುತ್ತಿದ್ದ ಮನೆಗಳ ಹೆಂಗಸರಿಗೆ ವೇದಿಕೆ ಕೈತಪ್ಪುತ್ತಿದ್ದ ಹೊತ್ತಲ್ಲೇ ಬ್ರಾಹ್ಮಣರ ಮನೆಯ ಹುಡುಗಿ ಅದೇ ಕಲೆಯನ್ನು ಪರದೆ ಮೇಲೆ ಮಾಡಿದಾಗ ಎಲ್ಲರಿಗೂ ಅದು ಮರ್ಯಾದೆಯ ವಿಷಯ ಆಗಿಬಿಟ್ಟಿತು. ಕಲಿಸಿದ ನಟ್ಟುವನಾರರು, ಅಂದರೆ ನೃತ್ಯಗುರುಗಳು, ಮಾತ್ರ ಅದೇ ಹಳೆ ಪರಂಪರೆಯವರು. ಆ ಹುಡುಗಿಯ ತಪ್ಪಲ್ಲ ಬಿಡಿ. ಆದರೆ ಈ ಭಾಗ ಬಿಟ್ಟು ಕಥೆ ಹೇಳಿದರೆ ಸುಮ್ನೆ ಹೊಗಳಿಕೆ ಆಗುತ್ತದೆ.

ರೀಲುಡಬ್ಬ:
ಒಪ್ಪಿದೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಸಂಗೀತ, ನೃತ್ಯ ಕಛೇರಿ ನಡೆಸುವ ಸಭಾಗಳಿಗೆ ಟಿಕೆಟ್ ಕೊಟ್ಟು ಹೋಗುವವರು ಎಷ್ಟು ಜನ ಇದ್ದಿರಬಹುದು? ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತವರಿಗೆ ಗಾಯಕಿ ಡಿ. ಕೆ. ಪಟ್ಟಮ್ಮಾಳ್ ದನಿ ಮತ್ತು ಕಮಲಾ ಹೆಜ್ಜೆ ಎರಡೂ ಒಟ್ಟಿಗೆ ಸಿಕ್ಕಿತು. ಅವರ್ಯಾರೂ ವೇದಿಕೆಯ ಭರತನಾಟ್ಯ ನೋಡುವ ಸಾಧ್ಯತೆಯೇ ಇರಲಿಲ್ಲ.

ಕಪ್ಪುಬಿಳುಪು_ಪ್ರಿಯ:
ತಲೆ ಸ್ವಲ್ಪ ತಿರುಗಿತು, ಒಳ್ಳೆಯ ರೀತಿಯಲ್ಲಿ. ಹಾಗಾದರೆ ದೊಡ್ಡವಳಾದ ಮೇಲೆ ನಾಯಕಿ ಆಗಲಿಲ್ಲವಾ?

ತಕಧಿಮಿ:
ಆದರು, 1959ರ ‘ಶಿವಗಂಗೈ ಸೀಮೈ’ಯಲ್ಲಿ. ಆದರೆ ನಿಜ ಹೇಳಬೇಕೆಂದರೆ ಜನ ಕಾಯುತ್ತಿದ್ದದ್ದು ಆಕೆಯ ಡೈಲಾಗಿಗೆ ಅಲ್ಲ. ವೈಜಯಂತಿಮಾಲಾ, ಪದ್ಮಿನಿ ಹಾಗೆ ನಟನೆಯ ಸ್ಟಾರ್ ಆಗಲಿಲ್ಲ. ಅದೇ ಒಳ್ಳೆಯದಾಯಿತು ಅನ್ನಿಸುತ್ತದೆ ನನಗೆ. ನಾಯಕಿಗೆ ವಯಸ್ಸಾದರೆ ಮುಗಿಯಿತು, ಡ್ಯಾನ್ಸ್ ಹೇಳಿಕೊಡುವವರಿಗೆ ಆ ತೊಂದರೆ ಇಲ್ಲ. 1968ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1970ರಲ್ಲಿ ಪದ್ಮಭೂಷಣ. 1980ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲಿ ಶಾಲೆ ಶುರು ಮಾಡಿದರು. 2010ರಲ್ಲಿ ಅಮೆರಿಕ ಸರ್ಕಾರದ ಕಡೆಯಿಂದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. ಆಗ ಅವರಿಗೆ ಎಪ್ಪತ್ತಾರು. ಎರಡು ಮದುವೆ ಆದ ಮೇಲೂ ‘ಕುಮಾರಿ’ ಕಮಲಾ ಅಂತಲೇ ಜನ ಕರೆಯುತ್ತಿದ್ದರು, ಬಾಲನಟಿ ಆಗಿದ್ದಕ್ಕೆ ಕೊನೆವರೆಗೂ ಅಂಟಿಕೊಂಡದ್ದು ಅದೊಂದೇ ಇರಬೇಕು.

ಒಗ್ಗರಣೆಮಾತು:
ತಂಗಿಯರು ರಾಧಾ, ವಾಸಂತಿ ಕೂಡ ಡ್ಯಾನ್ಸರುಗಳೇ, ಅವರನ್ನು ಯಾರೂ ಕೇಳುವುದೇ ಇಲ್ಲ ನೋಡಿ.

ಕಪ್ಪುಬಿಳುಪು_ಪ್ರಿಯ:
ಅವರದ್ದೂ ವಿಡಿಯೋ ಇದ್ದರೆ ಲಿಂಕ್ ಹಾಕಿ. ಈಗ ‘ಕೊಂಜುಂ ಸಲಂಗೈ’ ಶುರು ಮಾಡುತ್ತಿದ್ದೇನೆ, ಅದರಲ್ಲೂ ಇವರ ಡ್ಯಾನ್ಸ್ ಇದೆಯಂತೆ.