ಪುಟ್ಟಿ, ಚಿನ್ನು ದೋಣಿ ಹತ್ತೋ ಮುಂಚೆ ಇದನ್ನ ಕೇಳು

ಪುಟ್ಟಿ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಚಿನ್ನು ಮೂರು ವಾರದಿಂದ ಬಾಸ್ ಮೀನು ಹಿಡಿಯುತ್ತೇನೆ ಅಂತ ಕೆರೆಗೆ ಹೋಗುತ್ತಿದ್ದಾನೆ, ಒಂದು ಮೀನೂ ಸಿಕ್ಕಿಲ್ಲ, ಮುಖ ಸಣ್ಣ ಮಾಡಿಕೊಂಡು ಬರುತ್ತಾನೆ. ಈಗ ಶನಿವಾರ ಗೆಳೆಯನ ಜೊತೆ ದೋಣಿ ತಗೊಂಡು ನಡುನೀರಿಗೆ ಹೋಗುತ್ತಾನಂತೆ, ಕಳಿಸಲೋ ಬೇಡವೋ ಅಂತ ಕೇಳಿದ್ದೀಯ. ಆಗಲೇ ಗ್ರೂಪ್‌ನಲ್ಲಿ ನಾಲ್ಕು ಜನ ಉತ್ತರ ಕೊಟ್ಟಾಗಿದೆ. ಹುಡುಗರು ಅಲ್ವಾ, ಹೋಗಲಿ ಬಿಡು ಅಂತ ಒಬ್ಬರು. ಬಿಸಿಲು ಚೆನ್ನಾಗಿದೆ, ಏನೂ ಆಗಲ್ಲ ಅಂತ ಇನ್ನೊಬ್ಬರು. ಆ ಬಿಸಿಲಿನ ಮಾತು ಓದಿಯೇ ನನ್ನ ಎದೆ ಧಸಕ್ ಅಂದಿತು. ಟೈಪ್ ಮಾಡಿದರೆ ರಾತ್ರಿಯಾಗುತ್ತೆ, ಅದಕ್ಕೆ ಮಾತಾಡುತ್ತಿದ್ದೇನೆ. ಉದ್ದ ಆಗುತ್ತೆ. ಪೂರ್ತಿ ಕೇಳು.

ಮೊದಲ ಮಾತು ಇದು. ಲೈಫ್ ಜಾಕೆಟ್ ಹಾಕಿಕೊಂಡು, ಬಕಲ್ ಬಿಗಿದ ಮೇಲೆಯೇ ಅವನು ದೋಣಿಗೆ ಕಾಲಿಡಬೇಕು. ದೋಣಿಯಲ್ಲಿ ಜಾಕೆಟ್ ಇದೆ ಅಮ್ಮಾ ಅಂತಾನೆ, ಅದು ಸಾಲದು. ಮೈಮೇಲಿರಬೇಕು.

ನಾನು ನೀರಿಗೆ ಬಿದ್ದ ಕತೆ ನಿಮಗೆಲ್ಲ ಗೊತ್ತು. ಗೊತ್ತು ಅಂದರೆ, ನಿಮ್ಮ ದೊಡ್ಡಪ್ಪ ಹೇಳಿದ ಕತೆ ಗೊತ್ತು. ನಾನು ಹೇಳೋಕೆ ಹೊರಟಾಗೆಲ್ಲ ಯಾರಾದರೂ ಮಧ್ಯೆ ಬಾಯಿ ಹಾಕುತ್ತೀರಿ.

ನಾನು, ನಿಮ್ಮ ದೊಡ್ಡಪ್ಪ ಗಾಳ ಹಿಡಿದು ಎರಡನೇ ವರ್ಷ ಅದು. ಈ ಚಳಿ ಸೀಮೆಯ ಕೆರೆಯ ಐಸ್ ಕರಗಿ ಎರಡು ವಾರವಾಗಿತ್ತು ಅಷ್ಟೇ. ಅವರ ಹತ್ತಿರ ದಾರಕ್ಕೆ ಕಟ್ಟಿದ ಸಣ್ಣ ಥರ್ಮಾಮೀಟರ್ ಇತ್ತು. ನೀರಿಗೆ ಬಿಟ್ಟು ನೋಡಿ 7 ಡಿಗ್ರಿ ಅಂದರು. ಮೇಲೆ ಮಾತ್ರ ಹದವಾದ ಬಿಸಿಲು, 18 ಡಿಗ್ರಿಯಾದರೂ ಇತ್ತು. ನಾನು ಸ್ವೆಟರ್ ಬಿಚ್ಚಿಟ್ಟಿದ್ದೆ. ಲೈಫ್ ಜಾಕೆಟ್ ಎಲ್ಲಿತ್ತು ಗೊತ್ತಾ? ಕೂರುವ ಹಲಗೆ ಗಟ್ಟಿ ಅಂತ ಅದನ್ನ ಮಡಚಿ ಅದರ ಮೇಲೆ ಕೂತಿದ್ದೆ.

ಒಂದು ಸಣ್ಣ ಬಾಸ್ ಕಚ್ಚಿತು. ಎಳೆದೆ, ದೋಣಿ ಪಕ್ಕಕ್ಕೆ ಬಂತು. ಸಂಭ್ರಮದಲ್ಲಿ ಎದ್ದು ನಿಂತು ಬಗ್ಗಿದೆ. ಸಹಾಯ ಮಾಡೋಣ ಅಂತ ಅದೇ ಹೊತ್ತಿಗೆ ಅವರೂ ನನ್ನ ಕಡೆಗೇ ಬಗ್ಗಿದರು. ಇಬ್ಬರ ಭಾರ ಒಂದೇ ಕಡೆ ಬಿತ್ತು. ದೋಣಿ ವಾಲಿತು, ನಾನು ತಲೆ ಮುಂದಾಗಿ ನೀರೊಳಗೆ.

ನನಗೆ ಈಜು ಬರುತ್ತೆ. ನಿನ್ನ ಅಮ್ಮನಿಗೆ ಕಲಿಸಿದ್ದೇ ನಾನು. ಆ ಈಜು ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ. ನೀರು ತಣ್ಣಗಿದೆ ಅಂತ ಅನ್ನಿಸಲೇ ಇಲ್ಲ ನೋಡು. ಯಾರೋ ಎದೆಗೆ ಹಲಗೆಯಿಂದ ಹೊಡೆದ ಹಾಗಾಯಿತು. ಉಸಿರು ತಾನಾಗಿ ಒಳಕ್ಕೆ ಎಳೆದುಕೊಂಡಿತು, ನಾನು ಎಳೆದುಕೊಂಡಿದ್ದಲ್ಲ. ಆಗ ಬಾಯಿ ಇನ್ನೂ ನೀರೊಳಗೇ ಇತ್ತು. ಮೇಲೆ ಬಂದ ಮೇಲೂ ಕೂಗೋಕೆ ಆಗಲಿಲ್ಲ. ನಾಯಿ ತೇಕಿದ ಹಾಗೆ ತೇಕುತ್ತಿದ್ದೆ, ಅದರ ಮಧ್ಯೆ ಒಂದು ಮಾತು ಹೊರಡಲಿಲ್ಲ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಗೀಸ್‌ಬ್ರೆಕ್ಟ್ ಅಂತ ಒಬ್ಬರು ಪ್ರೊಫೆಸರ್ ಆಗಿದ್ದರು. ತಾವೇ ಐಸ್ ನೀರಿಗೆ ಎಷ್ಟೋ ಸಲ ಇಳಿದು ಪರೀಕ್ಷೆ ಮಾಡಿದವರು. ಅವರು ಹೇಳಿಕೊಡೋ ಲೆಕ್ಕ ಒಂದು, ಹತ್ತು, ಒಂದು. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ತರಬೇಕು, ಬೇರೇನೂ ಮಾಡೋಕೆ ಹೋಗಬಾರದು. ಆಮೇಲೆ ಸುಮಾರು 10 ನಿಮಿಷ ಕೈಕಾಲು ನಮ್ಮ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪೋಕೆ ಹತ್ತಿರ ಹತ್ತಿರ 1 ಗಂಟೆ ಬೇಕು. ಜನ ಆ ಒಂದು ಗಂಟೆಗೆ ಹೆದರುತ್ತಾರೆ. ಆದರೆ ಜಾಕೆಟ್ ಇಲ್ಲದವರು ಎಷ್ಟೋ ಜನ ಅಲ್ಲಿವರೆಗೆ ಇರುವುದೇ ಇಲ್ಲ, ಮೊದಲ ನಿಮಿಷದಲ್ಲೋ ಹತ್ತು ನಿಮಿಷದಲ್ಲೋ ಮುಳುಗುತ್ತಾರೆ. ಜಾಕೆಟ್ ಇದ್ದರೆ ಆ ಮೊದಲ ನಿಮಿಷ ಮುಖ ನೀರಿನ ಮೇಲಿರುತ್ತೆ. ಅಷ್ಟೇ ಅದರ ಕೆಲಸ. ಅಷ್ಟಕ್ಕೇ ಜೀವ ಉಳಿಯುತ್ತೆ.

ನನ್ನ ಕೈ ಹೇಗೋ ದೋಣಿಯ ಅಂಚಿಗೆ ಸಿಕ್ಕಿತು. ಅವರು ಎಳೆದುಕೊಳ್ಳೋಕೆ ಬಂದರು, ದೋಣಿ ಮತ್ತೆ ವಾಲಿತು. ಆಗ ಅವರಿಗೆ ಬುದ್ಧಿ ಓಡಿತು, ಆ ಮಾತು ಒಪ್ಪಬೇಕು. ದೋಣಿಯ ಹಿಂಭಾಗ ಹಿಡಿದುಕೋ ಅಂದರು. ನಾನು ಹಿಡಿದುಕೊಂಡೆ, ಅವರು ಹುಟ್ಟು ಹಾಕಿದರು. ದಡ ನಲವತ್ತು ಅಡಿ ದೂರ ಇತ್ತು ಅಷ್ಟೇ. ಕಾಲಿಗೆ ಕಲ್ಲು ತಾಗುವ ಹೊತ್ತಿಗೆ ನನ್ನ ಬೆರಳುಗಳು ದೋಣಿ ಹಿಡಿದಿವೆಯೋ ಇಲ್ಲವೋ ಅಂತ ಕಣ್ಣಿಂದ ನೋಡಿ ತಿಳಿದುಕೊಳ್ಳಬೇಕಿತ್ತು. ದಡದಲ್ಲಿ ಕೂತು ಶರ್ಟಿನ ಗುಂಡಿ ಬಿಚ್ಚೋಕೆ ಹೋದೆ. ಗುಂಡಿ ಕಾಣಿಸುತ್ತಿದೆ, ಬೆರಳೂ ಅದರ ಮೇಲಿದೆ. ಆದರೆ ಬಿಚ್ಚಲಿಲ್ಲ. ಮೇಲಿನ ಒಂದು ಗುಂಡಿ. ಅದನ್ನೇ ನೋಡುತ್ತಾ ನಾನು ಅತ್ತೆ. ನಲವತ್ತು ಅಡಿಯ ಬದಲು ನಾನೂರು ಅಡಿ ಇದ್ದಿದ್ದರೆ ಅಂತ ಈಗಲೂ ಕೆಲವು ಸಲ ನಿದ್ದೆ ಬರಲ್ಲ.

ಚಿನ್ನು ಹೋಗುತ್ತೇನೆ ಅಂತಿರೋದು ನಡುನೀರಿಗೆ ಅಲ್ವಾ? ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಲೈಫ್ ಜಾಕೆಟ್ ಮೈಮೇಲೆ, ಬಕಲ್ ಬಿಗಿದು. ಬಿಸಿಲು ನೋಡಿ ಮೋಸ ಹೋಗಬೇಡಿ. ಬಿಸಿಲಿಗೆ ಗಾಳಿ ಒಂದು ಬೆಳಿಗ್ಗೆಯಲ್ಲಿ ಬಿಸಿಯಾಗುತ್ತೆ, ಕೆರೆ ಬಿಸಿಯಾಗೋಕೆ ವಾರಗಟ್ಟಲೆ ಬೇಕು. ಚಳಿಗಾಲವೆಲ್ಲ ಮೇಲೆ ಐಸ್, ತಳದಲ್ಲಿ 4 ಡಿಗ್ರಿ ನೀರು. ಆ ತಣ್ಣಗಿನದೆಲ್ಲ ಇನ್ನೂ ಅಲ್ಲೇ ಇರುತ್ತೆ.

ಆಮೇಲೆ ಏನಾಯಿತು ಅಂದರೆ, ಎಲ್ಲರೂ ಸೇರಿದಾಗೆಲ್ಲ ನಿಮ್ಮ ದೊಡ್ಡಪ್ಪ ಇದನ್ನ ನಗುವ ಕತೆ ಮಾಡಿದರು. ಮೀನು ಹಿಡಿಯೋಕೆ ಹೋಗಿ ಇವಳೇ ಮೀನಾದಳು ಅಂತ. ನೀವೆಲ್ಲ ನಕ್ಕಿರಿ. ಭಯ ಆಯಿತಾ ಅಕ್ಕ ಅಂತ ಒಬ್ಬರೂ ಕೇಳಲಿಲ್ಲ, ನಿನ್ನ ಅಮ್ಮನೂ ಕೇಳಲಿಲ್ಲ. ಹೋಗಲಿ, ಅದನ್ನ ಮರೆತೆ. ನಾನು ಮರೆಯದೆ ಇರೋದು ಆ ಫೋಟೋ.

ನಿನ್ನ ಅಮ್ಮನ ಮನೆ ಹಾಲ್‌ನಲ್ಲಿ ಇದೆಯಲ್ಲ, ನಿಮ್ಮ ದೊಡ್ಡಪ್ಪ ಸ್ಮಾಲ್‌ಮೌತ್ ಬಾಸ್ ಹಿಡಿದು ನಿಂತಿರೋದು. 19 ಇಂಚು. ಕಂದು ಮೈ, ಪಕ್ಕದಲ್ಲಿ ಗೆರೆಗೆರೆ, ಕೆಂಪು ಕಣ್ಣು. ಬಂದವರಿಗೆಲ್ಲ ಇದು ಬಾವ ಹಿಡಿದ ಮೀನು ಅಂತ ತೋರಿಸುತ್ತಾಳೆ. ಅದನ್ನ ಹಿಡಿದದ್ದು ನಾನು. ಫೋಟೋ ತೆಗೆದದ್ದೂ ನಾನು. ಮೀನು ಮೇಲೆ ಬಂದ ಮೇಲೆ ನನ್ನ ಕೈ ನಡುಗುತ್ತಿತ್ತು, ಎಲ್ಲಿ ಕೆಳಗೆ ಬೀಳಿಸಿ ಪೆಟ್ಟು ಮಾಡುತ್ತೇನೋ ಅಂತ ನೀವು ಹಿಡ್ಕೊಳ್ಳಿ ಅಂದೆ. ಅಷ್ಟಕ್ಕೆ ಆ ಮೀನು ಅವರದಾಗಿ ಹೋಯಿತು. ಅವರೂ ಒಂದು ದಿನ ಅಲ್ಲ, ಇವಳದು ಅನ್ನಲಿಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಗ್ರೂಪ್‌ನಲ್ಲೇ ಹೇಳುತ್ತಿದ್ದೇನೆ, ಎಲ್ಲರೂ ಕೇಳಿಸಿಕೊಳ್ಳಿ. ಚಳಿ ನೀರಿನಲ್ಲಿ ಈ ಮೀನು 12 ಇಂಚು ಆಗೋಕೇ ನಾಲ್ಕೈದು ವರ್ಷ ತಗೊಳ್ಳುತ್ತೆ. 19 ಅಂದರೆ ಸುಮ್ನೆ ಸಿಗೋದಲ್ಲ. ಅದು ಹೇಗೆ ಸಿಕ್ಕಿತು ಅಂತ ಯಾರಾದರೂ ಒಂದು ಸಲ ಕೇಳಿದ್ದೀರಾ?

ಅಯ್ಯೋ, ಚಿನ್ನು ವಿಷಯವೇ ಮರೆತೆ ನೋಡು. ಅವನಿಗೆ ಬೇಕಿರೋದು ಇದೇ.

ಪುಟ್ಟಿ, ಆ ಮೀನು ದಡದಿಂದ ಸಿಕ್ಕಿದ್ದು. ನೀರಿಗೆ ಬಿದ್ದ ಮೇಲೆ ಎರಡು ವರ್ಷ ನಾನು ದೋಣಿ ಹತ್ತಲಿಲ್ಲ. ದಡದಲ್ಲೇ ನಿಂತು ಕಲಿತೆ. ಚಿನ್ನುಗೆ ಈಗ ದೋಣಿ ಬೇಕಾಗಿಯೇ ಇಲ್ಲ. ವಸಂತದಲ್ಲಿ ಬಾಸ್ ತಾನಾಗಿಯೇ ದಡದ ಕಡೆ ಬರುತ್ತೆ. ನಡುನೀರು ಇನ್ನೂ ತಣ್ಣಗೆ ಕೊರೆಯುತ್ತಿರುವಾಗ ಗಾಳಿ ಬೀಸದ ಸಣ್ಣ ಕೊಲ್ಲಿಗಳು ಮೊದಲು ಬೆಚ್ಚಗಾಗುತ್ತವೆ. ಕೆರೆಯ ಉತ್ತರ ದಡ ನೋಡಲಿ, ದಕ್ಷಿಣದಿಂದ ಬರೋ ಬಿಸಿಲು ಅಲ್ಲಿಗೇ ಜಾಸ್ತಿ ಬೀಳುತ್ತೆ. ತಳ ಕಪ್ಪು ಕೆಸರಿದ್ದರೆ, ಇಲ್ಲ ಬಂಡೆ ಇದ್ದರೆ ಇನ್ನೂ ಒಳ್ಳೆಯದು, ಶಾಖ ಹೀರಿಕೊಳ್ಳುತ್ತೆ. ಬೆಳಿಗ್ಗೆ ಐದಕ್ಕೆ ಎದ್ದು ಹೋಗುತ್ತಾನೆ ಅಂದೆಯಲ್ಲ, ಅದು ಬೇಸಿಗೆಯ ಅಭ್ಯಾಸ. ಈಗ ಮಧ್ಯಾಹ್ನ ಎರಡರಿಂದ ಐದು. ನೀರು ಒಂದೆರಡು ಡಿಗ್ರಿ ಏರಿದರೂ ಸಾಕು, ಮೀನಿಗೆ ಹಸಿವಾಗುತ್ತೆ.

ಇನ್ನು ಅವನ ತಪ್ಪು ಎಲ್ಲಿದೆ ಅಂತ ನೀನು ಕಳಿಸಿದ ವಿಡಿಯೋದಲ್ಲೇ ಗೊತ್ತಾಯಿತು. ದಾರ ಸುತ್ತೋ ರೀಲ್ ಗರಗರ ಅಂತ ಸುತ್ತುತ್ತಿದ್ದಾನೆ. ಬೆಚ್ಚಗಿನ ಊರುಗಳವರ ವಿಡಿಯೋ ನೋಡಿ ಕಲಿತರೆ ಹೀಗೇ ಆಗೋದು. ಆ ದೊಡ್ಡ ದಾಖಲೆಗಳೂ ಅತ್ತ ಕಡೆಯವೇ. 1932ರಲ್ಲಿ ಜಾರ್ಜ್ ಪೆರಿ ಅನ್ನುವವರು 22 ಪೌಂಡ್ 4 ಔನ್ಸ್ ತೂಗುವ ಲಾರ್ಜ್‌ಮೌತ್ ಜಾತಿಯ ಬಾಸ್ ಹಿಡಿದದ್ದು ಅಮೆರಿಕದ ದಕ್ಷಿಣದ ಜಾರ್ಜಿಯಾದಲ್ಲಿ. ಅಲ್ಲಿನ ಮೀನಿನ ಜೊತೆ ಇಲ್ಲಿನದನ್ನ ಹೋಲಿಸಿಕೊಂಡು ಮಗು ಬೇಜಾರು ಮಾಡಿಕೊಳ್ಳಬಾರದು. ಬಾಸ್ ಮೈಗೆ ಅದರದೇ ಬಿಸಿ ಇಲ್ಲ, ನೀರು ಎಷ್ಟೋ ಮೈಯೂ ಅಷ್ಟೇ. ನೀರು 10 ಡಿಗ್ರಿಗಿಂತ ಕೆಳಗಿದ್ದರೆ ಅದಕ್ಕೆ ಓಡುವ ಮನಸ್ಸಿರಲ್ಲ. ತಿಂದದ್ದು ಅರಗೋದೂ ನಿಧಾನ. ಬಾಯಿ ಹತ್ತಿರವೇ ಸುಮ್ನೆ ಬಿದ್ದಿರೋದನ್ನ ತಿನ್ನುತ್ತೆ. ಓಡಿ ಹೋಗೋದನ್ನ ಹೋಗಲಿ ಬಿಡು ಅನ್ನುತ್ತೆ.

ಅದಕ್ಕೆ ಮೂರ್ನಾಲ್ಕು ಗ್ರಾಂನ ಸಣ್ಣ ಜಿಗ್, ಅಂದರೆ ತಲೆಗೆ ತೂಕ ಇರೋ ಗಾಳದ ಕೊಕ್ಕೆ, ಅದಕ್ಕೆ ಎರಡೂವರೆ ಮೂರು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳು. ಲೈನ್, ಅಂದರೆ ಗಾಳದ ದಾರ, 6 ಅಥವಾ 8 ಪೌಂಡ್ ಭಾರ ತಡೆಯೋದು ಸಾಕು, ದಪ್ಪ ಬೇಡ. ಎಸೆದು ತಳಕ್ಕೆ ಬಿಡಲಿ. ಬಿಟ್ಟು ಹತ್ತರವರೆಗೆ ಎಣಿಸಲಿ. ಕೋಲಿನ ತುದಿಯಿಂದ ಒಂದು ಗೇಣು ಎಳೆಯಲಿ. ಮತ್ತೆ ಹತ್ತು ಎಣಿಸಲಿ. ನನ್ನ 19 ಇಂಚಿನದು ಕಚ್ಚಿದಾಗ ನಾನು ಏನೂ ಮಾಡುತ್ತಿರಲಿಲ್ಲ. ಕೋಲನ್ನ ಕಂಕುಳಲ್ಲಿ ಇರುಕಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದೆ. ಜಿಗ್ ತಳದಲ್ಲಿ ಬಿದ್ದಿತ್ತು. ಕೋಲು ಕೈಗೆ ತಗೊಂಡಾಗ ಲೈನ್ ತುದಿಗೆ ಒದ್ದೆ ಎಲೆ ಅಂಟಿಕೊಂಡ ಹಾಗಿತ್ತು. ಟಕ್ ಅನ್ನಲಿಲ್ಲ, ಜಗ್ಗಲಿಲ್ಲ, ಸುಮ್ನೆ ಒಂದಿಷ್ಟು ಭಾರ. ಆ ಭಾರ ಸ್ವಲ್ಪ ಪಕ್ಕಕ್ಕೆ ಸರಿಯಿತು. ಎಲೆ ಹಾಗೆ ಸರಿಯಲ್ಲ ಅಲ್ವಾ? ಚಿನ್ನುಗೆ ಮೂರು ವಾರದಲ್ಲಿ ಇಂಥ ಭಾರ ಎಷ್ಟು ಸಲ ಬಂದು ಹೋಗಿದೆಯೋ, ಕಸ ಅಂದುಕೊಂಡು ಸುತ್ತಿಬಿಟ್ಟಿರುತ್ತಾನೆ. ಭಾರ ಗೊತ್ತಾದರೆ ಸಡಿಲ ಲೈನ್ ಸುತ್ತಿಕೊಂಡು ಕೋಲು ಮೆಲ್ಲಗೆ ಎತ್ತಲಿ. ಜೋರಾಗಿ ಜಗ್ಗಬಾರದು.

ಇನ್ನೊಂದು ಇದೆ. ನೀರು 15 ಡಿಗ್ರಿ ದಾಟುತ್ತಿದ್ದ ಹಾಗೆ ಗಂಡು ಮೀನು ದಡದ ಹತ್ತಿರ ಜಲ್ಲಿಯಲ್ಲಿ ಬಾಲದಿಂದ ಗುಡಿಸಿ ತಟ್ಟೆಯ ಹಾಗೆ ಗೂಡು ಮಾಡುತ್ತೆ. ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತೆ, ಕಾಯೋದು ಅಪ್ಪನೇ. ಅದನ್ನ ಎಳೆದರೆ ಸಣ್ಣ ಮೀನುಗಳು ಬಂದು ಮೊಟ್ಟೆ ತಿಂದುಬಿಡುತ್ತವೆ. ಗೂಡಿನ ಮೇಲಿರೋದನ್ನ ಬಿಟ್ಟುಬಿಡಲಿ. ಚಳಿ ಸೀಮೆಗಳಲ್ಲಿ ಎಷ್ಟೋ ಕಡೆ ಆ ದಿನಗಳಲ್ಲಿ ಬಾಸ್ ಹಿಡಿಯೋದಕ್ಕೆ ಬಿಡುವುದೇ ಇಲ್ಲ. ಅವನ ಕೆರೆಗೆ ನಿಯಮ ಏನಿದೆ, ಲೈಸೆನ್ಸ್ ಬೇಕಾ ಅಂತ ಶುಕ್ರವಾರವೇ ನೋಡಿಕೊಳ್ಳಲಿ.

ದಡದ ಬಂಡೆಗಳೂ ಜಾರುತ್ತವೆ. ದಡದಲ್ಲಿ ನಿಂತರೂ ಜಾಕೆಟ್ ಹಾಕಿಕೊಂಡೇ ನಿಲ್ಲಲಿ. ಒಂದು ಜೊತೆ ಒಣಬಟ್ಟೆ, ದಪ್ಪ ಟವೆಲ್ ಚೀಲದಲ್ಲಿ ಇಡು. ಗೆಳೆಯನೂ ಇರಲಿ, ಒಬ್ಬನೇ ಬೇಡ.

ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಮುಟ್ಟಲಿ. ಹೆಬ್ಬೆರಳು ಕೆಳತುಟಿಯ ಒಳಗೆ ಹಾಕಿದರೆ ಸಾಕು, ಅದರ ಹಲ್ಲು ಉಪ್ಪು ಕಾಗದದಷ್ಟೇ ಒರಟು, ಕಚ್ಚಲ್ಲ. ಇನ್ನೊಂದು ಕೈ ಹೊಟ್ಟೆಯ ಕೆಳಗೆ ಕೊಡಲಿ. ಬೇಗ ಫೋಟೋ ತೆಗೆದು ನೀರಿಗೆ ಬಿಡಲಿ. ಗೆಳೆಯನ ಕೈಗೆ ಕ್ಯಾಮೆರಾ ಕೊಟ್ಟು, ಮೀನು ಮಾತ್ರ ಅವನೇ ಹಿಡಿದುಕೊಂಡಿರಬೇಕು. ಕೈ ನಡುಗಿದರೂ ಪರವಾಗಿಲ್ಲ. ಆ ಫೋಟೋ ಮೊದಲು ನನಗೆ ಕಳಿಸು.