20 ವರ್ಷದ ರೈಸ್ ಮಿಲ್ ಸಾಫ್ಟ್‌ವೇರ್: ಹೊಸಾದು ಬರೀಲೋ, ಇದನ್ನೇ ತಿದ್ಕೋತ ಹೋಗಲೋ?

ಗಂಗಾವತಿ_ಹುಡುಗ:
ನಮಸ್ಕಾರ್ರೀ ಎಲ್ಲರಿಗೂ. ನಮ್ಮೂರಿನ ಒಂದು ರೈಸ್ ಮಿಲ್ಲಿನ ಸಾಫ್ಟ್‌ವೇರ್ ನನ್ನ ಕೊರಳಿಗೆ ಬಿದ್ದೈತಿ, ವಿಬಿ 6 (ಮೈಕ್ರೋಸಾಫ್ಟಿನ ಹಳೇ ಪ್ರೋಗ್ರಾಮಿಂಗ್ ಭಾಷೆ, ವಿಷುವಲ್ ಬೇಸಿಕ್) ಮತ್ತ ಆ್ಯಕ್ಸೆಸ್ ಡೇಟಾಬೇಸ್‌ನಾಗ ಬರದದ್ದು, ಬರದವರು ಫೋನ್ ಎತ್ತೋದು ಬಿಟ್ಟು ಯಾವ ಕಾಲ ಆತು. ಕಾಟಾದ ತೂಕದಿಂದ ಹಿಡದು ಹಮಾಲಿ, ದಲಾಲಿ, ಅಕ್ಕಿ ಬಿಲ್ ತನಕ ಎಲ್ಲಾ ಇದರಾಗ. ಭತ್ತದ ಚೀಲ 75 ಕೆಜಿ ಅಲ್ರೀ, ಕೋಡ್‌ನಾಗ ಹುಡುಕಿದ್ರ ನಲವತ್ತು ಕಡೆ ಬರೇ 75 ಅಂತ ಬರದಾರ, ಅದರಾಗ ಎರಡು ಕಡೆ ಅದು ಚೀಲದ ತೂಕನಾ ಬ್ಯಾರೆ ಏನರೆನಾ ತಿಳೀವಲ್ದು.

ಇನ್ನೊಂದು ತಲಿನೋವು. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 25 ಕೆಜಿ ತನಕ 5 ಪರ್ಸೆಂಟ್ ಜಿಎಸ್‌ಟಿ ಬಂತಲ್ಲ (ಅದಕ್ಕ ನೋಡ್ರಿ ಎಲ್ಲಾ ಕಡೆ 26 ಕೆಜಿ ಚೀಲ ಬಂದದ್ದು), ಅದಕ್ಕೂ ಮೊದ್ಲು ಬ್ರ್ಯಾಂಡ್ ಐತೋ ಇಲ್ಲೋ ನೋಡಿ ಟ್ಯಾಕ್ಸ್ ಹಾಕ್ತಿದ್ರು. ಆವಾಗ ಯಾರೋ ಕೋಡ್‌ನಾಗಿನ ಹಳೇ ಇಫ್ (ಷರತ್ತಿನ ಸಾಲು) ಅಳಿಸಿ ಹೊಸಾದು ಬರದು ಹೋಗ್ಯಾರ. ಈಗ 2021ರ ಬ್ರ್ಯಾಂಡ್ ಇಲ್ಲದ 10 ಕೆಜಿ ಚೀಲದ ಬಿಲ್ ರೀಪ್ರಿಂಟ್ ಕೊಟ್ರ ಅದಕ್ಕೂ ಟ್ಯಾಕ್ಸ್ ಹಚ್ಚಿ ಕೊಡ್ತೈತಿ! ಸಾವ್ಕಾರ್ರು ಸುಗ್ಗಿಯೊಳಗ ಹೊಸಾದು ಮಾಡಿಕೊಡು ಅಂತ ಕುಂತಾರ. ಏನ್ ಮಾಡ್ಲಿ?

ಬಳ್ಳಾರಿ_ಬಿಸಿಲು:
ಹೊಸದು ಬರಿ ಗುರು, ಯೋಚನೇನೇ ಬೇಡ. ವಿಬಿ 6 ಎಡಿಟರ್‌ಗೆ ಮೈಕ್ರೋಸಾಫ್ಟ್ 2008ರಲ್ಲೇ ಸಪೋರ್ಟ್ ನಿಲ್ಲಿಸೈತೆ. ಎರಡು ತಿಂಗಳ ಕೆಲಸ.

ಕೃಷ್ಣಾ_ದಂಡಿ:
ಎರಡು ತಿಂಗಳಂತ! ತಮ್ಮಾ, ನಾನೂ ಹಿಂಗೇ ಅಂದ್ಕೊಂಡು ರಾಯಚೂರಾಗ ಒಂದು ಜಿನ್ನಿಂಗ್ ಮಿಲ್ಲಿಗೆ ಹಳೇ ವಿಬಿ ಕಿತ್ತು ಪಿಎಚ್‌ಪಿ ಅನ್ನೋ ಬ್ಯಾರೆ ಭಾಷೆದಾಗ ಬರದು ಕೊಟ್ಟೆ. ಮೂರನೇ ದಿನಕ್ಕ ಗುಮಾಸ್ತರು ಬಂದು ರೈತರಿಗೆ ಕೊಡೋ ಕೆಲವು ಲೆಕ್ಕದ ಪಟ್ಟಿದಾಗ ಒಂದು ರೂಪಾಯಿ ಹೆಚ್ಚು ಬರ್ಲಿಕತ್ತದ ಅಂದ್ರು, ಎಲ್ಲಾದ್ರಾಗೂ ಅಲ್ಲ, ಕೆಲವು ಮಾತ್ರ. ಎರಡು ರಾತ್ರಿ ಕುಂತು ನೋಡಿದ್ರ ವಿಬಿ 6ನ ರೌಂಡ್ ಫಂಕ್ಷನ್ 2.50ಕ್ಕ 2 ಕೊಡ್ತದ, 3.50ಕ್ಕ 4 ಕೊಡ್ತದ, ಅಂದ್ರ ಅರ್ಧ ಬಂದಾಗ ಸರಿಸಂಖ್ಯೆ ಕಡಿಗೇ ಜಾರ್ತದ. ಪಿಎಚ್‌ಪಿ 2.50ಕ್ಕ 3 ಕೊಡ್ತದ. ಇದರ ಮ್ಯಾಲ ಹಳೇ ಕೋಡ್‌ದಾಗ ಒಂದು ಕಡೆ ರೌಂಡ್, ಇನ್ನೊಂದು ಕಡೆ ಫಾರ್ಮ್ಯಾಟ್ ಫಂಕ್ಷನ್, ಅದು ಮತ್ತ 2.50ಕ್ಕ 3 ಅಂತದ! ರೈತಗ ಒಂದು ರೂಪಾಯಿ ಸಣ್ಣದು, ಆದ್ರ ಪಟ್ಟಿನೂ ಖಾತೆ ಪುಸ್ತಕನೂ ತಾಳೆ ಆಗ್ಲಿಲ್ಲಂದ್ರ ನಿನ್ನ ಸಾಫ್ಟ್‌ವೇರ್ ಯಾರೂ ನಂಬಂಗಿಲ್ಲ.

ಅದಕ್ಕ ಮೊದ್ಲು ಹೋದ ಸುಗ್ಗಿ ಬಿಲ್ ಎಲ್ಲಾ ತಗೊಂಡು ಹಳೇದಕ್ಕೂ ಹೊಸಾದಕ್ಕೂ ಹಾಕಿ ಪೈಸೆ ತನಕ ಹೋಲಿಸು. ಹಳೇದರ ತಪ್ಪೂ ಹಂಗೇ ಬರಬೇಕು, ತಿದ್ದೋದು ಆಮ್ಯಾಲ, ಹೇಳಿ ತಿದ್ದಬೇಕು. ಟ್ಯಾಕ್ಸ್, ಹಮಾಲಿ, ಚೀಲದ ತೂಕ ಇವೆಲ್ಲಾ ಕೋಡ್‌ದಾಗ ಇರಬಾರದು, ಟೇಬಲ್‌ದಾಗ ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಅಂತ ಬರಿ. ಬಿಲ್ಲಿನ ತಾರೀಖು ನೋಡಿ ದರ ಎತ್ಕೋಬೇಕು, ಇವತ್ತಿನದಲ್ಲ. ದರ ಬದಲಾದ್ರ ಹಳೇ ಸಾಲು ಮುಟ್ಟಬ್ಯಾಡ, ಅದಕ್ಕ ಕೊನೇ ತಾರೀಖು ಹಾಕಿ ಕೆಳಗ ಹೊಸ ಸಾಲು ಸೇರಿಸು.

ಬಳ್ಳಾರಿ_ಬಿಸಿಲು:
ಅಣ್ಣ ಹೋಲಿಸೋದು ಒಪ್ಕೋತೀನಿ, ಆದ್ರೆ ಇಷ್ಟು ವರ್ಷ ಓಡೈತೆ ಅಂತ ಹಳೇದನ್ನ ಪೂರ್ತಿ ನಂಬೋದೂ ಕಷ್ಟ. 1996ರ ಜೂನ್ 4ಕ್ಕೆ ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿ ಒಂದು ನಿಮಿಷದೊಳಗೆ ಛಿದ್ರ ಆಯ್ತು. ಏರಿಯಾನ್ 4ರಲ್ಲಿ ಚೆನ್ನಾಗೇ ನಡೀತಿದ್ದ ಕೋಡ್ ತಂದು ಹಾಕಿದ್ರು, ಹೊಸ ರಾಕೆಟ್ ಸ್ಪೀಡಿಗೆ ದೊಡ್ಡ 64 ಬಿಟ್ ನಂಬರ್ 16 ಬಿಟ್‌ನ ಸಣ್ಣ ಜಾಗದಲ್ಲಿ ಹಿಡಿಸ್ಲಿಲ್ಲ. ಕೋಡ್ ಅದೇ, ರಾಕೆಟ್ ಬೇರೆ.

ಕೊಪ್ಪಳ_ಕಾಕಾ:
ರಾಕೆಟ್ ಯಾಕಪಾ, ನಮ್ಮ ಟಿಬಿ (ತುಂಗಭದ್ರಾ) ಡ್ಯಾಂ ನೋಡು. 2024ರ ಆಗಸ್ಟ್‌ನಾಗ 19ನೇ ಗೇಟಿನ ಚೈನ್ ಕಡದು ಗೇಟೇ ಕೊಚ್ಚಿಕೊಂಡು ಹೋದಾಗ ಉಳಿದ ಗೇಟ್ ಎತ್ತಿ ಒತ್ತಡ ಕಮ್ಮಿ ಮಾಡಿ, ನೀರು ಹರಿಯೋವಾಗಲೇ ಆ ಒಂದು ಜಾಗಕ್ಕ ಸ್ಟಾಪ್‌ಲಾಗ್ (ನೀರು ತಡಿಯೋ ಉಕ್ಕಿನ ತುಂಡು) ಇಳಿಸಿದ್ರು. ನೀನೂ ಹಂಗ ಒಂದು ತುಂಡು ತಗೋ, ಬರೇ ಅಕ್ಕಿ ಬಿಲ್ ಹೊಸಾದ್ರಾಗ ಮಾಡು, ಕಾಟಾ ಹಮಾಲಿ ಹಳೇದ್ರಾಗೇ ನಡೀಲಿ. ಸುಗ್ಗಿಯಾಗ ಮಾತ್ರ ಏನೂ ಮುಟ್ಟಬ್ಯಾಡ ಮಾರಾಯ, ಲಾರಿ ಸಾಲು ನಿಂತಾಗ ಕಂಪ್ಯೂಟರ್ ಕೆಟ್ರ ಬೈಗುಳ ನಿನಗೇ. ಆ 75ರ ಬಗ್ಗೆ ಕೋಡ್ ಕೇಳಬ್ಯಾಡ, ಗುಮಾಸ್ತರನ್ನ ಕೇಳು.

ಗಂಗಾವತಿ_ಹುಡುಗ:
ಕೇಳಿ ಬಂದೆ ಕಾಕಾ. ಆ ಎರಡು ಕಡೆ ಇರೋ 75 ಲಾರಿ ಕಾಟಾ ಫೀ ಅಂತ! ಈಗ 120 ಆಗೈತಿ, ಪ್ರಿಂಟ್ ಬಂದ ಮ್ಯಾಲ ಪೆನ್ನಿಲೆ ಗೀಟು ಹೊಡದು 120 ಅಂತ ಬರದು ಕೊಡ್ತೀನಿ ಅಂದ್ರು, ಏಳೆಂಟು ವರ್ಷದಿಂದ. ಸಾಫ್ಟ್‌ವೇರಿನವರಿಗೆ ಯಾಕ ಹೇಳಲಿಲ್ರಿ ಅಂದ್ರ, ಯಾರಿಗಂತ ಹೇಳ್ಲೆಪ್ಪಾ ಅಂದ್ರು.